ಕಬ್ಬಿಣದ ಬಸವನ ಸೋಮವಾರ

ಆ ಬಾಗಿಲು ಸ್ವಲ್ಪ ಮುಂದಕ್ಕೆ ತಳ್ರಪ್ಪ. ದೀಪ ಇರಲಿ, ಆರಿಸಬೇಡಿ, ಚಿಕ್ಕದು ಮಾಡಿ ಸಾಕು. ಇದು ಬರೀ ಕತೆ ಅಂದುಕೊಳ್ಳೋರು ಈಗಲೇ ಎದ್ದು ಹೋಗಿ ಮಲಗಬಹುದು, ನನಗೇನೂ ಬೇಜಾರಿಲ್ಲ. ನಮ್ಮ ಸೋದರತ್ತೆ ಮಗ ಗಂಗಹನುಮಯ್ಯನಿಗೆ ಆಗಿದ್ದು ಇದು. ಎರಡನೇ ಮಹಾಯುದ್ಧದಲ್ಲಿ ನಾಲ್ಕು ವರ್ಷ ಮಿಲಿಟರಿ ಲಾರಿ ರಿಪೇರಿ ಮಾಡಿ ಬಂದೋನು ಅವನು. ದೇವರನ್ನೇ ಅರ್ಧ ನಂಬೋನು, ಇನ್ನು ದೆವ್ವ ಎಲ್ಲಿಂದ ಬಂತು?

ಯುದ್ಧ ಮುಗಿದ ಮರುವರ್ಷದ ಬೇಸಿಗೆ. ಹಿಂದೂಪುರಕ್ಕೆ ಹೋಗಿ ಇಂಜಿನ್ನಿಗೆ ಹೊಸ ಪ್ಲಗ್ಗು ತಗೊಂಡು, ಕೊಡಿಗೇನಹಳ್ಳೀಲಿ ಬಸ್ಸಿಳಿದಾಗ ಕತ್ತಲಾಗಿಹೋಗಿತ್ತು. ಊರು ಅಲ್ಲಿಂದ ಒಂದು ಹರದಾರಿ, ಮೂರು ಮೈಲಿ ನಡಿಗೆ. ಪ್ಲಗ್ಗನ್ನ ಪಂಚೆ ತುದೀಲಿ ಗಂಟು ಹಾಕಿಕೊಂಡು, ಬೀಡಿ ಹಚ್ಚಿಕೊಂಡು ನಡೆದ. ದಾರಿ ಹುಟ್ಟಿದಾಗಿಂದ ಗೊತ್ತಿರೋದೇ. ಹಳ್ಳ ದಾಟಿದರೆ ಊರ ಸಾಹುಕಾರರು ಚನ್ನಮಲ್ಲಯ್ಯನೋರ ಬಾವಿ ಹೊಲ, ಅವನು ಕೆಲಸಕ್ಕಿದ್ದಿದ್ದೂ ಅವರ ಹತ್ತಿರವೇ. ಹೊಲದ ಮೂಲೇಲಿ ಆಲದ ಮರ. ಮರದ ಪಕ್ಕದಲ್ಲೇ ಹಳೇ ಕಪಿಲೆ ಬಾವಿ.

ಕಪಿಲೆ ನೋಡಿದ್ದೀರಲ್ಲ? ಬಾವಿ ಮೇಲೆ ರಾಟೆ. ರಾಟೆ ಮೇಲೆ ಮಿಣಿ, ಅಂದರೆ ತೊಗಲಿನ ಹಗ್ಗ. ಮಿಣಿಯ ಒಂದು ತುದೀಲಿ ನೀರಿನ ಚೀಲ, ಇನ್ನೊಂದು ತುದೀಲಿ ಜೋಡೆತ್ತು. ಎತ್ತು ಇಳಿಜಾರಲ್ಲಿ ಇಳಿದರೆ ನೀರು ಮೇಲಕ್ಕೆ ಬರುತ್ತೆ. ಚೀಲ ಮತ್ತೆ ಬಾವಿಗೆ ಇಳೀಬೇಕಾದರೆ ಎತ್ತು ಹಿಂದು ಹಿಂದಕ್ಕೆ ನಡೆದು ಬಾವಿ ಬಾಯಿಗೆ ಬರಬೇಕು. ಹೊಡೆಯೋನು 'ಹೋ...' ಅಂದ ಕಡೆ ನಿಲ್ಲಬೇಕು. ಒಂದು ಹೆಜ್ಜೆ ಹೆಚ್ಚಾಯ್ತೋ... ಮುಗೀತು. ಆದರೆ ಈ ಬಾವೀಲಿ ಕಪಿಲೆ ನಿಂತು ಇಪ್ಪತ್ತು ವರ್ಷವಾಗಿತ್ತು. ರಾಟೆ ಇಲ್ಲ, ಮಿಣಿ ಇಲ್ಲ, ಎರಡು ಕಲ್ಲುಕಂಬ ಮಾತ್ರ ಉಳಿದಿದ್ದವು.

ಗಂಗಹನುಮಯ್ಯ ಮರದ ತಾವ ಬಂದ.

ಕಿರ್ರ್... ಕಿರ್ರ್...

ನಿಂತ. ಎಣ್ಣೆ ಕಾಣದ ಗಾಲಿಯ ಸದ್ದು. ಅದರ ಮೇಲೆ ಒದ್ದೆ ತೊಗಲು ಜಾರೋ ಸದ್ದು, ಸರ್ರ್ ಅಂತ. ಇಂಜಿನ್ನಿನ ಹೊಟ್ಟೇಲಿ ಯಾವ ನಟ್ಟು ಸಡಿಲವಾಗಿದೆ ಅಂತ ಕಿವೀಲೇ ಹೇಳೋನು ಅವನು, ಸದ್ದಿನ ವಿಷಯದಲ್ಲಿ ಅವನಿಗೆ ಮೋಸ ಆಗಲ್ಲ. ಆಮೇಲೆ ತಳದಲ್ಲೆಲ್ಲೋ... ದಬ್.

ಮರದ ಕಡೆಯಿಂದ ಮೆಲ್ಲಗೆ ಯಾರೋ ಕೇಳಿದರು.

"ಯಾವ ವಾರಪ್ಪಾ ಇವತ್ತು?"

ಯಾರೋ ಕುರಿ ಕಾಯೋನು ಇರಬೇಕು ಅಂದುಕೊಂಡ. "ಸೋಮಾರ" ಅಂದ.

"ಹೂಂ..."

ಅಷ್ಟೇ. ಸದ್ದೂ ನಿಂತಿತು. "ಯಾರ್ಲಾ ಅದು?" ಅಂತ ಕಡ್ಡಿ ಗೀರಿ ಹಿಡಿದ. ಕುರಿಯೂ ಇಲ್ಲ, ಕಾಯೋನೂ ಇಲ್ಲ. ಕಡ್ಡಿ ಬೆರಳು ಸುಡೋವರೆಗೂ ನೋಡಿ, ಆಮೇಲೆ ಬೀಡಿ ಎಸೆದು ಸರಸರ ಹೆಜ್ಜೆ ಹಾಕಿದ.

ಮನೇಲಿ ಹೆಂಡತಿ ನರಸಮ್ಮ ಮುದ್ದೆ ಇಟ್ಟಳು. "ಯಾಕ್ ಹಿಂಗ್ ಬೆವ್ತಿದ್ದೀಯ?" ಅಂದಳು.

"ಸೆಕೆ" ಅಂದ. ಯುದ್ಧಕ್ಕೆ ಹೋಗಿ ಬಂದ ಗಂಡಸು ಇನ್ನೇನು ತಾನೇ ಹೇಳ್ತಾನೆ!

ಆ ಪ್ಲಗ್ಗು ಯಾತಕ್ಕೆ ಅಂತ ಹೇಳಲೇ ಇಲ್ಲ ನೋಡಿ. ಚನ್ನಮಲ್ಲಯ್ಯನೋರು ಆ ವರ್ಷ ಬೆಂಗಳೂರಿನಿಂದ ಒಂದು ಪುಟ್ಟ ಟ್ರ್ಯಾಕ್ಟರು ತರಿಸಿದ್ದರು. ನಮ್ಮ ಕಡೆಗೆಲ್ಲ ಅದೇ ಮೊದಲು. ಎತ್ತಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಪೆಟ್ರೋಲಲ್ಲಿ ಶುರು ಮಾಡಿ, ಇಂಜಿನ್ನು ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ತರಿಸಿ ಅಂತ ಕಿವಿ ಊದಿದ್ದೋನು ಗಂಗಹನುಮಯ್ಯನೇ. ಮನೆಯ ಎತ್ತುಗಳನ್ನೆಲ್ಲ ಬೀಗರ ಊರಿಗೆ ಹೊಡೆದುಕೊಟ್ಟ ಮೇಲೆ ಉಳುಮೆಯ ಭಾರವೆಲ್ಲ ಅವನ ತಲೆ ಮೇಲೇ ಬಿತ್ತು.

ಚನ್ನಮಲ್ಲಯ್ಯನೋರು ಶಿವಭಕ್ತರು. ಟ್ರ್ಯಾಕ್ಟರು ಬಂದ ದಿನ ಅದರ ಮೂತಿಗೆ ಮೂರು ಬೆರಳು ವಿಭೂತಿ ಎಳೆದು, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, "ಇವತ್ತಿಂದ ಇದು ನಮ್ಮನೆ ಕಬ್ಬಿಣದ ಬಸವ" ಅಂತ ಹೆಸರಿಟ್ಟರು. ಎಲ್ಲ ಸರಿ. ಆದರೆ ಅದೇ ಬಾಯಲ್ಲಿ ಇನ್ನೊಂದು ಮಾತೂ ಆಡಿದರು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೋ ಹಂಗಿಲ್ಲ, ಅದು ಬಸವನ ವಾರ. ಎಂಥ ಪಾಪಿಯೂ ಆವತ್ತು ಎತ್ತು ಕಟ್ಟಲ್ಲ. ಗಂಗಹನುಮಯ್ಯ, "ಸೋಮಾರ ಬಿಡುವು ತಾನೇ ಯಜಮಾನ್ರೇ?" ಅಂತ ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು.

"ಎತ್ತಿಗೆ ಸೋಮಾರ ಕಣ್ಲಾ ಗಂಗ. ಕಬ್ಬಿಣಕ್ಕೆಂಥ ಸೋಮಾರ?"

ಬಿಸಿಲಲ್ಲಿ ಇಂಜಿನ್ನು ಕುದಿಯೋದರಿಂದ ಉಳುಮೆ ಎಲ್ಲ ಹೊತ್ತು ಮುಳುಗಿದ ಮೇಲೆ, ಮುಂದೊಂದು ದೀಪ ಹಾಕಿಕೊಂಡು ನಡೀತಿತ್ತು. ಬಾವಿ ಹೊಲ ಇಪ್ಪತ್ತು ಎಕರೆ. ಅಲ್ಲಿ ಎರಡು ಸಲ ಇಂಜಿನ್ನು ತಾನಾಗೇ ನಿಂತುಬಿಟ್ಟಿತ್ತು. ಅದಕ್ಕೇ ಹೊಸ ಪ್ಲಗ್ಗು.

ಮಂಗಳವಾರ ಹಾಕಿದ. ಹ್ಯಾಂಡ್ಲು ಒಂದೇ ಸುತ್ತು... ಭಡ್ ಭಡ್ ಭಡ್ ಅಂತ ಎದ್ದಿತು. ಮಂಗಳವಾರ ಉತ್ತ, ಬುಧವಾರ ಉತ್ತ, ಭಾನುವಾರದವರೆಗೂ ಒಂದು ಕೆಮ್ಮು ಕೂಡ ಇಲ್ಲ. ಚನ್ನಮಲ್ಲಯ್ಯನೋರು ಬದುವಿನ ಮೇಲೆ ನಿಂತು ಮೀಸೆ ತಿರುವಿಕೊಂಡರು.

ಮರುದಿನ ರಾತ್ರಿ ಹೊಲದ ಮಧ್ಯೆ ಬಂದಾಗ ದೀಪ ಮಂಕಾಯಿತು. ಬಿಳೀ ಬೆಳಕು ಹಳದಿಯಾಯಿತು... ಹಳದಿ ಕೆಂಪಾಯಿತು... ಇಂಜಿನ್ನು ಭಡ್... ಭಡ್... ಅಂತು. ಸತ್ತಿತು.

ಏನು ನಿಶ್ಶಬ್ದ ಅಂತೀರಿ! ಹುಳ ಕೂಡ ಕೂಗ್ತಿರಲಿಲ್ಲ.

ಗಂಗಹನುಮಯ್ಯ ಲಾಟೀನು ಹಚ್ಚಿಕೊಂಡು ಇಳಿದ. ಸೀಮೆಎಣ್ಣೆ ನೋಡಿದ, ಧಾರೆಯಾಗಿ ಬರ್ತಿದೆ. ಕಸ ಕೂರೋ ಗಾಜಿನ ಬಟ್ಟಲು ಬಿಚ್ಚಿದ, ಒಂದು ಹನಿ ನೀರಿಲ್ಲ. ಪ್ಲಗ್ಗು ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿಟ್ಟು ಹ್ಯಾಂಡ್ಲು ಎಳೆದ. ಚಟ್... ನೀಲಿ ಕಿಡಿ, ಚೆನ್ನಾಗೇ ಬಂತು. ಎಣ್ಣೆ ಇದೆ, ಗಾಳಿ ಇದೆ, ಕಿಡಿ ಇದೆ. ಈ ಮೂರಿದ್ದರೆ ಇಂಜಿನ್ನು ಓಡಲೇಬೇಕು. ಓಡ್ತಿಲ್ಲ. ಅದಕ್ಕಿಂತ ಅವನ ಎದೆ ಕೊರೆದಿದ್ದು ಆ ದೀಪ, ಇಂಜಿನ್ನು ಚೆನ್ನಾಗಿ ಓಡ್ತಿರುವಾಗಲೇ ಮಂಕಾಗಿತ್ತು ಅದು. ದೀಪಕ್ಕೆ ಕರೆಂಟು ಕೊಡೋದು ಡೈನಮೋ, ಕಿಡಿ ಕೊಡೋದು ಮ್ಯಾಗ್ನೆಟೋ. ಇದಕ್ಕೂ ಅದಕ್ಕೂ ಒಂದು ತಂತಿಯ ಸಂಬಂಧ ಕೂಡ ಇಲ್ಲ. ಒಂದು ಕೆಡಬಹುದು, ಒಪ್ಪೋಣ. ಎರಡೂ ಒಂದೇ ಉಸಿರಿಗೆ ಹೆಂಗೆ ಸಾಯ್ತವೆ?

ಮೂಗಿಗೆ ಹಸೀ ತೊಗಲಿನ ವಾಸನೆ ಬಂತು. ರಿಪೇರಿ ಸಾಮಾನಿನ ಪಾನಾ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದ.

ಬೆಳಗ್ಗೆ ಹೋಗಿ ಹ್ಯಾಂಡ್ಲು ಎಳೆದರೆ ಒಂದೇ ಸುತ್ತಿಗೆ... ಭಡ್ ಭಡ್ ಭಡ್!

ಆವತ್ತು ಮಧ್ಯಾಹ್ನ ನರಸಮ್ಮ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. "ಮೊದ್ಲು ನಿಂತಿದ್ದು ನಮ್ಮವ್ವ ಬಂದಿದ್ ದಿನ. ಸೋಮಾರ. ಎರಡ್ನೇದು ಬುಧವಾರದ ಮಧುಗಿರಿ ಸಂತೆಗೆ ಎರಡು ದಿನ ಮುಂಚೆ. ಅದೂ ಸೋಮಾರವೇಯಾ. ನಿನ್ನೆ ಸೋಮಾರ. ನಿನ್ ಇಂಜಿನ್ನಿಗೆ ಪಂಚಾಂಗ ಬತ್ತದೇನಯ್ಯ?"

ಗಂಗಹನುಮಯ್ಯನ ಕೈಲಿದ್ದ ತುತ್ತು ಕೈಲೇ ನಿಂತಿತು. 'ಯಾವ ವಾರಪ್ಪಾ ಇವತ್ತು?' ಅಂದಿದ್ದು ನೆನಪಾಯಿತು. ಆ ರಾತ್ರಿ ಕೇಳಿದ್ದನ್ನೆಲ್ಲ ಆಗ ಹೆಂಡತಿಗೆ ಹೇಳಿದ. ಅವಳು ಎದ್ದವಳೇ ಗಂಡನ್ನ ಎಳಕೊಂಡು ಊರ ಕೊನೇ ಮನೆ ಕೊಲ್ಲಾಪುರಜ್ಜಿ ಹತ್ತಿರ ಹೋದಳು. ಕೊಲ್ಲಾಪುರಮ್ಮ ಅಂದರೆ ಆ ಬಾವೀಲಿ ಹಿಂದೆ ಕಪಿಲೆ ಹೊಡೀತಿದ್ದ ದೊಡ್ಡರಂಗಪ್ಪನ ಹೆಂಡತಿ. ಕಣ್ಣು ಮಂಜು, ಕಿವಿ ಚುರುಕು.

ಅಜ್ಜಿ ಎಲ್ಲಾ ಕೇಳಿದಳು. ಬಾಯಲ್ಲಿದ್ದ ಎಲೆಅಡಿಕೆ ಆಚೆಗೆ ಉಗಿದಳು.

"ಆವತ್ತೂ ಸೋಮಾರವೇ ಕಣಪ್ಪ" ಅಂದಳು. "ಮೆಣಸಿನ್ ಗಿಡ ಬಾಡ್ತದೆ, ಇವತ್ತೊಂದ್ ದಿನ ಕಟ್ಟು ಅಂದ್ರು ಚನ್ನಮಲ್ಲಯ್ಯನೋರಪ್ಪ, ನಂದೀಶ್ವರಯ್ಯನೋರು. ನನ್ ಗಂಡ ಒಲ್ಲೆ ಅಂದ. ಬೈದ್ರು. ಕಟ್ದ. ಎತ್ತು ಹಿಂದಕ್ ಬಂದ್ವು... ಹೋ ಅಂದ... ನಿಂತ್ಕಂಡ್ವು. ನಿಂತಿದ್ ಜಾಗವೇ ಕುಸೀತು. ಎತ್ತೆರಡೂ ಮೇಲಕ್ ಬಂದ್ವು, ಸತ್ತು. ಅವನು ಬರ್ಲೇ ಇಲ್ಲ."

"ಅಜ್ಜೀ... ಅಂಗಾರೆ ನನ್ ಇಂಜಿನ್ನು..."

"ಹೆದರಬ್ಯಾಡ. ಕೇಡು ಮಾಡೋನಲ್ಲ ಅವನು. ನಿಲ್ಲಿಸ್ತಾನೆ, ಅಷ್ಟೇಯಾ. ಬಸವ ಅಂತ ಹೆಸರಿಟ್ಟೋರು ಯಾರು, ನೀವೇ ತಾನೆ? ಬಸವನ್ನ ಸೋಮಾರ ಕಟ್ತಾರಾ?"

ಗಂಗಹನುಮಯ್ಯ ಹೋಗಿ ಚನ್ನಮಲ್ಲಯ್ಯನೋರ ಮುಂದೆ ನಿಂತ. ಸೋಮವಾರ ಒಂದು ಬಿಡೋಣ ಅಂದ. ಯಾಕೆ ಅಂತ ಕೇಳಿದ್ದಕ್ಕೆ ಕಪಿಲೆಯ ಮಾತೆತ್ತಿದ. ಅಪ್ಪನ ಹೆಸರು ಬಂದದ್ದೇ ತಡ, ಯಜಮಾನರ ಮುಖ ಕಪ್ಪಿಟ್ಟಿತು.

"ನಮ್ಮಪ್ಪನ ಮಾತು ನಿಂಗ್ಯಾಕ್ಲಾ? ಈ ವಾರವೆಲ್ಲ ಉತ್ರೂ ಬಾವಿ ಪಕ್ಕದ ಪಟ್ಟಿ ಒಂದು ಉಳೀತದೆ. ಬರೋ ಸೋಮಾರ ರಾತ್ರಿಗೆ ಅದು ಮುಗೀಬೇಕು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ, ಮೋಡ ಆಗ್ಲೇ ಕಟ್ಟೈತೆ. ನಾನೇ ಬಂದು ನಿನ್ ಪಕ್ಕ ಕೂತ್ಕತ್ತೀನಿ. ಮಧ್ಯದಲ್ ನಿಂತ್ರೆ ಹ್ಯಾಂಡ್ಲು ನನ್ ಕೈಗೆ ಕೊಟ್ಟು ಹೊಂಟೋಗ್ತಾ ಇರು. ಬೆಂಗಳೂರಿಂದ ಇನ್ನೊಬ್ಬನ್ನ ಕರಿಸ್ತೀನಿ."

ಆ ಮಾತು ಅವನಿಗೆ ನಾಟಿತು. ಇಂಜಿನ್ನು ಅಂದರೆ ಅವನಿಗೆ ಪ್ರಾಣ ಕಣ್ರಪ್ಪ, ಅದನ್ನ ಇನ್ನೊಬ್ಬ ಬಂದು ಮುಟ್ಟೋದನ್ನ ನೋಡೋ ಶಕ್ತಿ ಇರಲಿಲ್ಲ. ಭಯ ಒಂದು ಕಡೆ, ರೋಷ ಒಂದು ಕಡೆ. ರೋಷವೇ ಗೆದ್ದಿತು.

ಭಾನುವಾರ ಸಾಯಂಕಾಲ ಕೂತು ಯೋಚಿಸಿದ. ಇಂಜಿನ್ನು ನಿಲ್ಲಿಸೋಕೆ ಸ್ಟೀರಿಂಗ್ ಚಕ್ರದ ಪಕ್ಕ ಒತ್ತೋ ಗುಂಡಿ ಒಂದಿದೆ. ಗುಂಡಿಯಿಂದ ಮ್ಯಾಗ್ನೆಟೋಗೆ ಒಂದು ವೈರು. ಗುಂಡಿ ಒತ್ತಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಕಬ್ಬಿಣದ ಮೈಗೆ ಇಳಿದುಹೋಗುತ್ತೆ, ಇಂಜಿನ್ನು ಸಾಯುತ್ತೆ. ಆ ವೈರಿನ ರಬ್ಬರು ಎಲ್ಲೋ ಸವೆದು ಮೈಗೆ ತಾಗ್ತಿದ್ದರೆ? ಹುಡುಕಿದ, ಎಲ್ಲೂ ಸವೆದಿಲ್ಲ. ಆದರೂ ಬಿಡಲಿಲ್ಲ. ವೈರನ್ನೇ ಪೂರ್ತಿ ಬಿಚ್ಚಿ, ಗುರುತಿಗೆ ಒಂದು ತುದೀಲಿ ಕೆಂಪು ದಾರ ಸುತ್ತಿ ಮನೆಗೆ ತಂದು, ಅಡುಗೆಮನೆ ಗೋಡೆಯ ಮೊಳೆಗೆ ನೇತುಹಾಕಿದ.

"ಇನ್ನು ನಿಲ್ಲಿಸೋಕೆ ದಾರೀನೇ ಇಲ್ಲ" ಅಂದ. "ಎಣ್ಣೆ ಕೊಳಾಯಿ ತಿರುಗಿಸಿದ್ರೂ, ಒಳಗಿರೋದು ಉರಿಯೋವರ್ಗೂ ಓಡ್ತದೆ. ಯಾವನ್ ನಿಲ್ಲಿಸ್ತಾನೋ ನೋಡ್ತೀನಿ."

ನರಸಮ್ಮ ಗೋಡೆ ನೋಡಿದಳು, ಗಂಡನ್ನ ನೋಡಿದಳು. "ನಿಲ್ಲೋ ದಾರಿ ಇಲ್ದೆ ಇರೋದು ಒಳ್ಳೇದಾ?" ಅಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಸೋಮವಾರ ರಾತ್ರಿ. ಮೋಡ ಕವಿದಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ಚನ್ನಮಲ್ಲಯ್ಯನೋರು ಶಾಲು ಹೊದ್ದುಕೊಂಡು ಬಲಗಡೆ ಗಾಲಿಗೆ ರೆಕ್ಕೆ ಹಂಗೆ ಮುಚ್ಚಿರೋ ಮಡ್ಗಾರ್ಡಿನ ಮೇಲೆ ಕೂತರು. ಬಾವಿ ಕಡೆಗೆ. ಗಂಗಹನುಮಯ್ಯ ಉಳೋಕೆ ಶುರು ಮಾಡಿದ. ಒಂದು ಸಾಲು... ಎರಡು... ಹತ್ತು... ಭಡ್ ಭಡ್ ಭಡ್. ದೀಪ ಬೆಳ್ಳಗೆ ಉರೀತಿದೆ.

"ನೋಡ್ದೇನ್ಲಾ?" ಯಜಮಾನರು ಕಿವಿ ಹತ್ತಿರ ಬಗ್ಗಿ ಅಂದರು. "ಯಾವ ದೆವ್ವ? ಎಂಥ ದೆವ್ವ?"

ಉಳಿದಿದ್ದು ಮೂರೇ ಸಾಲು, ಬಾವಿಗೆ ಅಂಟಿಕೊಂಡಿದ್ದು. ತಿರುಗಿಸಿದ. ದೀಪದ ಬೆಳಕಲ್ಲಿ ಕಲ್ಲುಕಂಬ ಎರಡೂ ಬಂದು ಹೋದವು. ಆಗ...

ಕಿರ್ರ್... ಕಿರ್ರ್...

ಅಷ್ಟು ದೊಡ್ಡ ಇಂಜಿನ್ನಿನ ಸದ್ದಿನೊಳಗೂ ಕೇಳಿಸಿತು. ಯಜಮಾನರ ಕೈ ಬಂದು ಅವನ ಹೆಗಲು ಹಿಡಿಯಿತು. ದೀಪ ಹಳದಿಯಾಯಿತು. ಹಸೀ ತೊಗಲಿನ ವಾಸನೆ. ದೀಪ ಕೆಂಪಾಯಿತು... ಕೆಂಡದಷ್ಟಾಯಿತು... ಹೋಯಿತು. ಕತ್ತಲು. ಇಂಜಿನ್ನು ಮಾತ್ರ ನಿಲ್ಲಲಿಲ್ಲ. ಕತ್ತಲಲ್ಲೇ ಮುಂದಕ್ಕೆ ಹೋಗ್ತಿದೆ. ನಿಲ್ಲಿಸಬೇಕು ಅಂತ ಗಂಗಹನುಮಯ್ಯನ ಕಾಲು ಕ್ಲಚ್ಚು ತುಳಿಯಿತು. ಕ್ಲಚ್ಚು ಕಚ್ಚಿಕೊಂಡುಬಿಟ್ಟಿತ್ತು, ಬಿಡಲಿಲ್ಲ. ಕೈ ಗುಂಡಿಗೆ ಹೋಯಿತು. ಒತ್ತಿದ. ಒತ್ತೇ ಒತ್ತಿದ... ವೈರು? ವೈರು ಮನೇಲಿ ಮೊಳೆ ಮೇಲಿದೆ! 'ಅಯ್ಯೋ ನನ್ನ ಕೈಯಾರೆ ನಾನೇ...' ಅಂದುಕೊಂಡ. ಆಗ ಹೆಂಡತಿ ಮಾತು ನೆನಪಾಯಿತು.

ಮಗ್ಗುಲಲ್ಲೇ, ಕಿವಿ ಪಕ್ಕದಲ್ಲೇ, ದೊಡ್ಡದಾಗಿ ಕೂಗಿದ ಹಾಗಾಯಿತು.

"ಹೋ...!"

ಭಡ್... ಇಂಜಿನ್ನು ಸತ್ತಿತು. ಟ್ರ್ಯಾಕ್ಟರು ನಿಂತಿತು.

ಕೆಳಗಡೆ, ಬಹಳ ಕೆಳಗೆ, ಸದ್ದು. ಗುಳುಂ... ಸ್ವಲ್ಪ ಹೊತ್ತು ಬಿಟ್ಟು... ಗುಳುಂ.

"ಗಂಗ..." ಯಜಮಾನರ ದನಿ ಹೆಂಗಸಿನ ದನಿ ಆಗಿತ್ತು. "ಏನ್ಲಾ ಬೀಳ್ತಿರೋದು?"

"ಅಲ್ಲಾಡಬ್ಯಾಡಿ. ಎಡಗಡೆಯಿಂದ ಇಳೀರಿ. ಮೆಲ್ಲಗೆ."

ಇಳಿದರು. ಲಾಟೀನು ಹಚ್ಚೋಕೆ ಗಂಗಹನುಮಯ್ಯನಿಗೆ ಐದು ಕಡ್ಡಿ ಬೇಕಾದವು. ಹಚ್ಚಿ ಹಿಡಿದರೆ ಮುಂದಿನ ಬಲಗಾಲಿಯ ಕೆಳಗೆ ನೆಲವಿಲ್ಲ. ಹೋದ ವಾರದ ಅಶ್ವಿನಿ ಮಳೆಗೆ ಬಾವಿಯ ಗೋಡೆ ಒಳಗಿಂದೊಳಗೇ ಕುಸಿದು, ಮೇಲೆ ಹುಲ್ಲು ಹಾಗೇ ಉಳಿದಿತ್ತು. ಗಾಲಿ ಬಾವಿ ಮೇಲೆ ನೇತಾಡ್ತಿತ್ತು, ಮಣ್ಣಿನ ಹೆಂಟೆ ಒಂದೊಂದೇ ನೀರಿಗೆ ಬೀಳ್ತಿತ್ತು. ಇನ್ನೊಂದು ಗೇಣು ಸಾಕಾಗಿತ್ತು.

ಚನ್ನಮಲ್ಲಯ್ಯನೋರು ಉತ್ತ ಮಣ್ಣಲ್ಲೇ ಕೂತುಬಿಟ್ಟರು. ಕೊರಳಲ್ಲಿದ್ದ ಲಿಂಗ ಗಟ್ಟಿಯಾಗಿ ಹಿಡಕೊಂಡು ಬಾವಿ ಕಡೆ ತಿರುಗಿ, "ತಪ್ಪಾಯ್ತು ಕಣೋ ರಂಗಪ್ಪ" ಅಂದರು. "ನಮ್ಮಪ್ಪಂದೂ ತಪ್ಪು... ನಂದೂ ತಪ್ಪು." ಅಷ್ಟು ದೊಡ್ಡ ಮನುಷ್ಯ, ಮಗುವಿನ ಹಾಗೆ ಅತ್ತರು. ಆಮೇಲೆ ಹನಿ ಬೀಳೋಕೆ ಶುರುವಾಯಿತು.

ಬೆಳಗ್ಗೆ, ಮಂಗಳವಾರ, ನಾಲ್ಕು ಜೊತೆ ಎತ್ತು ಕಟ್ಟಿ ಟ್ರ್ಯಾಕ್ಟರನ್ನ ಹಿಂದಕ್ಕೆ ಎಳೆದರು. ಊರೆಲ್ಲ ಸೇರಿತ್ತು. ಎಲ್ಲರೂ ಬಾವಿ ನೋಡ್ತಿದ್ದರೆ ಗಂಗಹನುಮಯ್ಯ ಒಬ್ಬ ಇಂಜಿನ್ನಿನ ಪಕ್ಕ ಬಗ್ಗಿದ. ನಿಲ್ಲಿಸೋ ದಾರಿ ಇಲ್ಲದ ಇಂಜಿನ್ನು ನಿಂತಿದ್ದು ಹೆಂಗೆ ಅನ್ನೋದೊಂದೇ ಅವನಿಗೆ ಬೇಕಾಗಿತ್ತು.

ಮ್ಯಾಗ್ನೆಟೋದಿಂದ ಗುಂಡಿವರೆಗೆ ವೈರು ಇತ್ತು.

ಅವನದೇ ವೈರು. ಒಂದು ತುದೀಲಿ ಅವನೇ ಸುತ್ತಿದ್ದ ಕೆಂಪು ದಾರ ಕೂಡ ಇತ್ತು. ಎರಡು ಕಡೆಯೂ ನಟ್ಟು ಹಾಕಿರಲಿಲ್ಲ, ಸಣ್ಣ ತೊಗಲಿನ ಪಟ್ಟೀಲಿ ಬಿಗಿದು ಕಟ್ಟಿತ್ತು. ಗಂಟು ಎಂಥದ್ದು ಅಂತ ಅಲ್ಲಿದ್ದ ಮುದುಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಿಣಿಯನ್ನ ನೊಗಕ್ಕೆ ಬಿಗಿಯೋ ಗಂಟು. ಕಪಿಲೆ ಹೊಡೆಯೋರು ಹಾಕೋದು.

ಓಡಿ ಮನೆಗೆ ಬಂದ. ಮೊಳೆ ಖಾಲಿ.

"ವೈರ್ ಎಲ್ಲೇ?"

"ಕೊಟ್ನಲ್ಲ" ಅಂದಳು ನರಸಮ್ಮ. "ರಾತ್ರಿ ನೀನ್ ಹೋದ್ ಸ್ವಲ್ಪ ಹೊತ್ಗೆ ಒಬ್ಬ ಬಂದ. ವಯಸ್ಸಾದೋನು, ಕಂಬಳಿ ಹೊದ್ಕಂಡಿದ್ದ. ಒಳಕ್ ಬರ್ಲಿಲ್ಲ. 'ಆ ಹಗ್ಗ ಇಲ್ಲಿ ಕೊಡವ್ವಾ, ನಿನ್ ಗಂಡಂಗೆ ಬೇಕಾಗ್ತದೆ' ಅಂದ. ನೀನೇ ಕಳ್ಸಿದ್ದೀಯ ಅಂತ ಕೊಟ್ಟೆ."

"ಹೆಂಗಿದ್ದ? ಯಾವೂರೋನು?"

"ಮುಖ ಕಾಣ್ಲಿಲ್ಲ. ಹಿಂದ್ಗಡೆ ಜೋಡೆತ್ತು ನಿಂತಿದ್ವು, ಮಳೇಲಿ ನೆಂದಂಗೆ ಮೈಯೆಲ್ಲ ನೀರು ಸುರೀತಿತ್ತು. ಆ ಹೊತ್ನಾಗೆ ಇನ್ನೂ ಮಳೆ ಬಂದಿರ್ಲಿಲ್ಲ ಅಲ್ವಾ?"

ಇಷ್ಟೇ. ನಗೋರು ನಗಬಹುದು. ಬಾವಿ ಈಗಲೂ ಅಲ್ಲೇ ಇದೆ, ಚನ್ನಮಲ್ಲಯ್ಯನೋರು ಸುತ್ತ ಗೋಡೆ ಕಟ್ಟಿಸಿದ್ದಾರೆ. ಸೋಮವಾರ ಅವರ ಟ್ರ್ಯಾಕ್ಟರು ಕೊಟ್ಟಿಗೆಯಿಂದ ಆಚೆಗೆ ಬರಲ್ಲ, ಬೇಕಾದರೆ ಹೋಗಿ ನೋಡಿಕೊಂಡು ಬನ್ನಿ. ಆ ತೊಗಲಿನ ಪಟ್ಟಿಯನ್ನ ಗಂಗಹನುಮಯ್ಯ ಎಸೆಯಲಿಲ್ಲ, ಪಾನಾ ಡಬ್ಬೀಲಿ ಇಟ್ಟುಕೊಂಡಿದ್ದಾನೆ. ಹೋದ ಬೇಸಿಗೇಲಿ, ನೆಲ ಕಾದು ಬಿರೀತಿದ್ದ ದಿನ, ನಾನೇ ನನ್ನ ಕೈಯಾರೆ ಮುಟ್ಟಿ ನೋಡಿದೆ.

ಇನ್ನೂ ಒಣಗಿಲ್ಲ.